ಸವದತ್ತಿಯ ಹುಡುಗನಿಗೆ ದಿಲ್ಲಿಯ ಗೈಡು ಯಾಕೆ?

ಸಿನಿಮಾ, ಕ್ರಿಕೆಟ್, ಮಳೆ, ಹಳೇ ನೆನಪು ಯಾವುದೂ ಇಲ್ಲದ ಪೋಸ್ಟು ಇದು. ತೆರಿಗೆ ಬಗ್ಗೆ. ಓಡಿಹೋಗೋರು ಈಗಲೇ ಓಡಬಹುದು. ಆದ್ರೆ ಓಡಿಹೋಗೋರಿಗೇ ಕೊನೇಲಿ ಸ್ವಲ್ಪ ಬೈಗುಳ ಇಟ್ಟಿದ್ದೀನಿ, ತಪ್ಪಿಸಿಕೊಂಡ್ರೆ ನಿಮಗೇ ನಷ್ಟ.

ಈ ವರ್ಷ ನನಗೆ ಊರ ಕಡೆಯಿಂದ ಒಂದೇ ಪ್ರಶ್ನೆ ಮೂರು ಸಲ ಬಂತು. ಬೈಲಹೊಂಗಲದ ಒಬ್ಬ, ರಾಮದುರ್ಗದ ಒಬ್ಬಳು, ಸವದತ್ತಿಯಿಂದ ನನ್ನ ಚಿಗವ್ವನ ಮಗ. "ಅಣ್ಣಾ, ಜಿಎಸ್‌ಟಿ ಪ್ರಾಕ್ಟೀಷನರ್ ಎಕ್ಸಾಮಿಗೆ ಯಾವ ಬುಕ್ ತಗೊಳ್ಳಿ?" ನಾನು ಸಾಫ್ಟ್‌ವೇರ್‌ನೋನು. ಬೆಂಗಳೂರಲ್ಲಿ ಕಂಪ್ಯೂಟರ್ ಮುಂದೆ ಕೂತಿರೋನಿಗೆ ಎಲ್ಲಾ ಗೊತ್ತಿರುತ್ತೆ ಅನ್ನೋದು ನಮ್ಮೂರಿನ ನಂಬಿಕೆ. ತಮಾಷೆ ಏನಂದ್ರೆ ನನ್ನ ಇಂಜಿನಿಯರಿಂಗ್ ಡಿಗ್ರಿ ಇಟ್ಟುಕೊಂಡು ಈ ಪರೀಕ್ಷೆಗೆ ಹೆಸರೂ ಹಚ್ಚೋಕೆ ಆಗಲ್ಲ. ಬಿ.ಕಾಂ ಮಾಡಿರೋ ನನ್ನ ತಮ್ಮನೇ ನನಗಿಂತ ಯೋಗ್ಯ.

ಗೊತ್ತಿಲ್ಲದವರಿಗೆ ಎರಡು ಮಾತು. 2017ರ ಜುಲೈ 1ರಿಂದ ಜಿಎಸ್‌ಟಿ ಬಂತಲ್ಲ, ವ್ಯಾಪಾರಸ್ಥರ ಪರವಾಗಿ ರಿಟರ್ನ್ ತುಂಬೋಕೆ, ರೀಫಂಡಿಗೆ ಅರ್ಜಿ ಹಾಕೋಕೆ ಸರ್ಕಾರ ಒಪ್ಪಿದ ಜನ ಬೇಕು. ಅವರೇ ಜಿಎಸ್‌ಟಿ ಪ್ರಾಕ್ಟೀಷನರ್. ಸಿಎ ಆಗಿರಬೇಕು ಅಂತೇನಿಲ್ಲ. ಕಾಮರ್ಸ್, ಕಾನೂನು, ಬ್ಯಾಂಕಿಂಗ್, ಬಿಸಿನೆಸ್ ಅಡ್ಮಿನಿಸ್ಟ್ರೇಶನ್ ಇಂಥ ಡಿಗ್ರಿ ಇದ್ದರೆ ಪಿಸಿಟಿ-01 ಅನ್ನೋ ಫಾರ್ಮು ತುಂಬಿ ಹೆಸರು ಹಚ್ಚಬಹುದು. ಆಮೇಲೆ ಎರಡು ವರ್ಷದೊಳಗೆ ನ್ಯಾಸಿನ್ ಅನ್ನೋ ಕೇಂದ್ರದ ಸಂಸ್ಥೆ ನಡೆಸೋ ಪರೀಕ್ಷೆ ಪಾಸಾಗಬೇಕು. ಮೊದಲನೇ ಪರೀಕ್ಷೆ ನಡೆದದ್ದು 2018ರ ಅಕ್ಟೋಬರ್ 31ಕ್ಕೆ. 100 ಪ್ರಶ್ನೆ, ಎರಡೂವರೆ ಗಂಟೆ, 200 ಅಂಕ, 100 ಬಂದ್ರೆ ಪಾಸು. ತಪ್ಪು ಉತ್ತರಕ್ಕೆ ಅಂಕ ಕಳೆಯಲ್ಲ.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಈ ನಾಲ್ಕೂ ಕಡೆ ಬಿ.ಕಾಂ ಮುಗಿಸಿ, ಟ್ಯಾಲಿ ಕಲಿತು, ಯಾವುದೋ ಅಡತಿ ಅಂಗಡೀಲಿ ದಿವಾಣಜಿ ಕೈಕೆಳಗೆ ಕೂತಿರೋ ಹುಡುಗ ಹುಡುಗಿಯರು ಬೇಕಾದಷ್ಟಿದ್ದಾರೆ. ಅವರಿಗೆ ಇದು ಊರು ಬಿಡದೇ ಸ್ವಂತ ಬೋರ್ಡು ಹಾಕಿಕೊಳ್ಳೋ ದಾರಿ. ಪುಣೆಗೆ, ಬೆಂಗಳೂರಿಗೆ ಬಸ್ಸು ಹತ್ತಬೇಕಾಗಿಲ್ಲ.

ಊರಿಗೂ ಇಂಥವರು ಬೇಕು. 2025ರ ಜುಲೈ ನೆನಪಿದೆಯಲ್ಲ? ಯುಪಿಐ ಲೆಕ್ಕ ಹಿಡಕೊಂಡು ಸಣ್ಣ ವ್ಯಾಪಾರಿಗಳಿಗೆ ತೆರಿಗೆ ನೋಟಿಸು ಹೋದವು. ಹಾಲು, ತರಕಾರಿ ಮಾರೋರಿಗೂ ಹೋದವು. ಅಂಗಡಿ ಮುಂದಿದ್ದ ಕ್ಯೂಆರ್ ಕೋಡ್ ಕಿತ್ತುಹಾಕಿ "ಯುಪಿಐ ಇಲ್ಲ, ಕ್ಯಾಶ್ ಕೊಡಿ" ಅಂತ ಚೀಟಿ ಅಂಟಿಸಿದ್ರು. ಕೊನೆಗೆ ಮುಖ್ಯಮಂತ್ರಿಗಳೇ ವ್ಯಾಪಾರಿಗಳನ್ನ ಕೂರಿಸಿಕೊಂಡು, ಹಳೇ ಬಾಕಿ ವಸೂಲಿ ಮಾಡಲ್ಲ ಅಂತ ಭರವಸೆ ಕೊಟ್ಟ ಮೇಲೆ ಗಲಾಟೆ ತಣ್ಣಗಾಯ್ತು. ಅಷ್ಟೊತ್ತಿಗೆ ಎಷ್ಟು ಜನರ ನಿದ್ದೆ ಹಾಳಾಗಿತ್ತೋ. ಬರೀ ತರಕಾರಿ ಮಾರೋನಿಗೆ "ಕಾಕಾ, ತಾಜಾ ಕಾಯಿಪಲ್ಲೆಗೆ ತೆರಿಗೀನೇ ಇಲ್ಲ, ಇಷ್ಟು ಬರದು ಉತ್ತರ ಕೊಡೂಣು, ಅಂಜಬ್ಯಾಡ್ರಿ" ಅಂತ ಹೇಳೋಕೆ ಮುನವಳ್ಳಿ ಸಂತೇಲಿ ಒಬ್ಬ ಸಾಕಿತ್ತು. ಆ ಒಬ್ಬನನ್ನ ತಯಾರು ಮಾಡೋ ಪರೀಕ್ಷೆ ಇದು.

ಈಗ ಪುಸ್ತಕದ ಮಾತು.

ನನ್ನ ತಮ್ಮ ನನ್ನನ್ನ ಕೇಳೋಕೆ ಮುಂಚೆ ಒಂದು ಕೋಚಿಂಗ್‌ನೋರ ಹತ್ರ 6,000 ರೂಪಾಯಿ ಕೊಟ್ಟು "ಕಂಪ್ಲೀಟ್ ಪ್ಯಾಕೇಜ್" ತರಿಸಿದ್ದ. ಹೆಸರು ಬೇಡ, ಅಂಥವು ನೂರಿವೆ. ಬಂದದ್ದೇನು? ದಪ್ಪನೆಯ ಇಂಗ್ಲಿಷ್ ಗೈಡು, ಹಿಂದೀಲಿ ಪಾಠ ಹೇಳೋ ವಿಡಿಯೋಗಳು, ಮತ್ತೆ "ಗ್ಯಾರಂಟಿ ಬರೋ 1000 ಪ್ರಶ್ನೆ" ಅಂತ ಒಂದು ಜೆರಾಕ್ಸ್ ಕಟ್ಟು. ಹಬ್ಬಕ್ಕೆ ಊರಿಗೆ ಹೋದಾಗ ತಂದು ನನ್ನ ಮುಂದೆ ಇಟ್ಟ. ನಾನು ಗೈಡು ತೆರೆದು ಸೆಕ್ಷನ್ 74ಎ ಹುಡುಕಿದೆ. ಇಲ್ಲ. ತೆರಿಗೆ ಹಂತಗಳ ಪುಟ ತೆರೆದೆ. 5, 12, 18, 28 ಅಂತ ಬಣ್ಣದ ಡಬ್ಬೀಲಿ ಹಾಕಿದ್ರು. "ತಮ್ಮಾ, ಇದನ್ನ ತೂಕಕ್ಕೆ ಹಾಕು" ಅಂದೆ. ಅವನ ಮುಖ ನೋಡೋಕಾಗಲಿಲ್ಲ. ಅದು ಅವನ ಅರ್ಧ ತಿಂಗಳ ಸಂಬಳ.

ಯಾಕೆ ಹಂಗಂದೆ ಅಂದ್ರೆ, ತೆರಿಗೆ ಬೇಡಿಕೆಯ ನೋಟಿಸಿಗೆ ಮೊದಲು ಸೆಕ್ಷನ್ 73 ಮತ್ತು 74 ಅಂತ ಎರಡು ದಾರಿ ಇತ್ತು. 2024ರಲ್ಲಿ ತಿದ್ದುಪಡಿ ಮಾಡಿ, 2024-25ನೇ ಸಾಲಿನಿಂದ ಮುಂದಿನ ಲೆಕ್ಕಕ್ಕೆಲ್ಲ 74ಎ ಅನ್ನೋ ಒಂದೇ ಸೆಕ್ಷನ್ ತಂದ್ರು. 2025ರ ಸೆಪ್ಟೆಂಬರ್ 22ರಿಂದ ಬಹುತೇಕ ಸರಕುಗಳಿಗೆ 12 ಮತ್ತು 28ರ ಹಂತಗಳೇ ಹೋದವು. ಉಳಿದದ್ದು 5 ಮತ್ತು 18, ಮೇಲೆ ಐಷಾರಾಮಿಗೆ 40. ಸವದತ್ತಿ ರೈತ ತಗೊಳ್ಳೋ ಟ್ರ್ಯಾಕ್ಟರ್ 12ರಿಂದ 5ಕ್ಕೆ ಇಳೀತು, ಅದರ ಟೈರು 18ರಿಂದ 5ಕ್ಕೆ. ಅಂಗಡಿಯೋನಿಗೆ ಗೊತ್ತಿರೋದು ಗೈಡಿಗೆ ಗೊತ್ತಿಲ್ಲ! ಆದಾಯ ತೆರಿಗೆ ಕಡೆ ನೋಡಿದ್ರೂ ಅಷ್ಟೇ. 1961ರ ಕಾಯ್ದೆ ಜಾಗಕ್ಕೆ 2025ರ ಹೊಸ ಕಾಯ್ದೆ, ಜಾರಿಯ ದಿನ 2026ರ ಏಪ್ರಿಲ್ 1. ಹಳೇ ಸೆಕ್ಷನ್ ನಂಬರು ಬಾಯಿಪಾಠ ಮಾಡಿಸೋ ಪುಸ್ತಕಗಳನ್ನ ಇನ್ನೂ ಎಷ್ಟು ದಿನ ಮಾರ್ತಾರೋ ದೇವರೇ ಬಲ್ಲ.

ನಾವು ಕೋಡು ಬರೆಯೋರು ಹೊಸ ಲೈಬ್ರರಿ ಕಲಿಯೋವಾಗ ಮೊದಲು ಏನು ನೋಡ್ತೀವಿ? ವರ್ಶನ್ ನಂಬರು. ನಾಲ್ಕು ವರ್ಷದ ಹಿಂದಿನ ಟ್ಯುಟೋರಿಯಲ್ ಹಿಡಕೊಂಡು ಇವತ್ತಿನ ವರ್ಶನ್ ಮೇಲೆ ಕೆಲಸ ಮಾಡಿದ್ರೆ ರಾತ್ರಿ ಎಲ್ಲಾ ಎರರ್ ನೋಡ್ಕೊಂಡು ಕೂರಬೇಕಾಗುತ್ತೆ. ಟ್ಯುಟೋರಿಯಲ್‌ಗಿಂತ ಮೊದಲು ಅಸಲಿ ಡಾಕ್ಯುಮೆಂಟೇಶನ್. ಇಲ್ಲಿ ಅಸಲಿ ಅಂದ್ರೆ ಕಾಯ್ದೆ ಮತ್ತು ನಿಯಮ. ಪಠ್ಯಕ್ರಮ ಅಂತ ಕೊಟ್ಟಿರೋದೂ ಅದನ್ನೇ. ಕೇಂದ್ರ ಜಿಎಸ್‌ಟಿ ಕಾಯ್ದೆ, ಐಜಿಎಸ್‌ಟಿ ಕಾಯ್ದೆ, ರಾಜ್ಯಗಳ ಕಾಯ್ದೆ, ನಿಯಮ, ಅಧಿಸೂಚನೆ, ಸುತ್ತೋಲೆ. ಕೇಂದ್ರದವು ಪರೋಕ್ಷ ತೆರಿಗೆ ಮಂಡಳಿಯ ತಾಣದಲ್ಲಿ ಪುಕ್ಕಟೆ ಸಿಗ್ತವೆ, ತಿದ್ದುಪಡಿ ಸಮೇತ. ಬಿಡಿಸಿ ಹೇಳೋ ಪುಸ್ತಕ ಬೇಕಾ? ಚಾರ್ಟರ್ಡ್ ಅಕೌಂಟೆಂಟ್ಸ್ ಸಂಸ್ಥೆ ತನ್ನ ಇಂಟರ್‌ಮೀಡಿಯೆಟ್ ವಿದ್ಯಾರ್ಥಿಗಳಿಗೆ ಮಾಡಿರೋ ಜಿಎಸ್‌ಟಿ ಪಾಠ ಅದರ ತಾಣದಲ್ಲೇ ಪಿಡಿಎಫ್ ಇದೆ, ಕಾಸಿಲ್ಲ. ಯಾವ ಪರೀಕ್ಷೆಗೆ ಅನ್ನೋದು ಹೊಸದಾಗಿ ನೋಡಿಕೊಂಡು ಇಳಿಸ್ಕೋಬೇಕು, ಅಷ್ಟೇ. ಪ್ರಶ್ನೆಗಳ ಕಟ್ಟು ಕೊನೇ ತಿಂಗಳಿಗೆ ಇಟ್ಕೊಳ್ಳಿ. ಉತ್ತರದ ಪಕ್ಕ ಸೆಕ್ಷನ್ ನಂಬರು ಇಲ್ಲದ ಕಟ್ಟಾಗಿದ್ರೆ ಆಗಲೂ ಬೇಡ.

ಇನ್ನೊಂದು ಉಪಾಯ ಇದೆ, ಇದನ್ನ ಯಾವ ಕೋಚಿಂಗ್‌ನೋರೂ ಹೇಳಲ್ಲ. ಕರ್ನಾಟಕದ್ದೇ ಜಿಎಸ್‌ಟಿ ಕಾಯ್ದೆ ಇದೆ, 2017ರ ಕರ್ನಾಟಕ ಅಧಿನಿಯಮ 27. ನಮ್ಮ ವಿಧಾನಮಂಡಲದ ಕಾಯ್ದೆಗಳು ಕನ್ನಡದಲ್ಲೂ ಇರ್ತವೆ. ಕೇಂದ್ರದ ಕಾಯ್ದೆಗೂ ಇದಕ್ಕೂ ಸೆಕ್ಷನ್ ನಂಬರು ಹೆಚ್ಚೂಕಮ್ಮಿ ಒಂದೇ. ಅಂದ್ರೆ 16ನೇ ಸೆಕ್ಷನ್ ಇಂಗ್ಲಿಷಲ್ಲಿ ಅರ್ಥ ಆಗಲಿಲ್ಲವೋ, ಕರ್ನಾಟಕದ ಕಾಯ್ದೆಯ 16 ಪಕ್ಕದಲ್ಲಿ ಇಟ್ಟುಕೊಂಡು ಓದಬಹುದು. ಆ ಕನ್ನಡ ಹೆಂಗಿದೆ ಅಂತ ಕೇಳಬೇಡಿ. ವಾಕ್ಯ ಶುರುವಾದ್ರೆ ಕ್ರಿಯಾಪದ ಸಿಗೋಷ್ಟರಲ್ಲಿ ಚಹಾ ಆರಿಹೋಗಿರುತ್ತೆ. ಆದ್ರೂ ಎರಡೂ ಕಣ್ಣಿಗೆ ಬಿದ್ದಾಗ ಒಂದು ಇನ್ನೊಂದನ್ನ ಬಿಡಿಸುತ್ತೆ. ನನ್ನ ತಮ್ಮನ ಹತ್ರ ಒಂದು ವಾರ ಇದೇ ಮಾಡಿಸಿದೆ, ಉಪಯೋಗ ಆಯ್ತು.

ಇಷ್ಟರ ಮೇಲೂ ಒಂದು ಪುಸ್ತಕ ಕಮ್ಮಿ ಬೀಳುತ್ತೆ, ಅದು ಎಲ್ಲೂ ಸಿಗಲ್ಲ. ನಮ್ಮ ಬಜಾರಿನ ಉದಾಹರಣೆ ಹಾಕಿ, ನಮ್ಮ ಮಾತಲ್ಲಿ ಬರೆದ ಪುಸ್ತಕ.

ರಿವರ್ಸ್ ಚಾರ್ಜ್ ತಗೊಳ್ಳಿ. ಮಾರೋನ ಬದಲು ಕೊಳ್ಳೋನು ತೆರಿಗೆ ಕಟ್ಟೋ ಪದ್ಧತಿ, ಸೆಕ್ಷನ್ 9(3). ಗೈಡುಗಳಲ್ಲಿ ಇದಕ್ಕೆ ಉದಾಹರಣೆ ದಿಲ್ಲಿಯ ವಕೀಲರು, ಮುಂಬೈ ಕಂಪನಿಯ ಡೈರೆಕ್ಟರು. ಬೈಲಹೊಂಗಲದ ಹುಡುಗ ಕಂಪನಿ ಡೈರೆಕ್ಟರನ್ನ ಎಲ್ಲಿ ನೋಡ್ಬೇಕು? ಅವನ ಕಣ್ಣೆದುರು ಹತ್ತಿ ಇದೆ. ರೈತ ಹತ್ತಿ ತಂದು ನೋಂದಣಿ ಇರೋ ವ್ಯಾಪಾರಿಗೆ ಮಾರಿದ್ರೆ 2017ರ ನವೆಂಬರ್ 15ರಿಂದ ಶೇ. 5 ತೆರಿಗೆ ಕಟ್ಟಬೇಕಾದವನು ಆ ವ್ಯಾಪಾರಿ. ರೈತ ನೋಂದಣಿ ಮಾಡಿಸಬೇಕಾಗಿಲ್ಲ. ವ್ಯಾಪಾರಿ ಆ ತೆರಿಗೆಯನ್ನ ರೊಕ್ಕದಲ್ಲೇ ಕಟ್ಟಬೇಕು, ತನ್ನ ಖಾತೇಲಿ ಇರೋ ಕ್ರೆಡಿಟ್ ಬಳಸೋಹಂಗಿಲ್ಲ. ಕಟ್ಟಿದ ಮೇಲೆ ಅದೇ ದುಡ್ಡನ್ನ ಇನ್‌ಪುಟ್ ಕ್ರೆಡಿಟ್ ಅಂತ ತಗೋಬಹುದು. ಒಂದು ಹತ್ತಿ ಗಾಡೀಲಿ ಮೂರು ಪ್ರಶ್ನೆಗೆ ಉತ್ತರ ಇದೆ. ಜಿನ್ನಿಂಗ್ ಫ್ಯಾಕ್ಟರಿ ದಿವಾಣಜಿ ಇದನ್ನ ಉಣ್ಣುವಾಗ ಮಾತಾಡ್ತಾನೆ. ಪರೀಕ್ಷೆಗೆ ಓದೋನು ಮಾತ್ರ ದಿಲ್ಲಿ ವಕೀಲರನ್ನ ಉರು ಹೊಡೀತಾನೆ.

ಇನ್ನು ಎಲ್ಲಮ್ಮನ ಗುಡ್ಡ. ಬನದ ಹುಣ್ಣಿವಿಗೆ, ಭರತ ಹುಣ್ಣಿವಿಗೆ ಅಲ್ಲಿ ಸಾಲುಸಾಲು ಅಂಗಡಿ. ಒಬ್ಬ ಬರೀ ಕುಂಕುಮ ಮತ್ತು ಗಾಜಿನ ಬಳೆ ಮಾರ್ತಾನೆ ಅಂತಿಟ್ಕೊಳ್ಳಿ. ಎರಡಕ್ಕೂ ತೆರಿಗೆ ಇಲ್ಲ. ತೆರಿಗೆ ಇಲ್ಲದ ಸರಕು ಮಾತ್ರ ಮಾರೋನು ಎಷ್ಟೇ ವ್ಯಾಪಾರ ಮಾಡಲಿ, ಸೆಕ್ಷನ್ 23ರ ಪ್ರಕಾರ ನೋಂದಣಿ ಬೇಡ. ಅವನ ಪಕ್ಕದವನು ಅದರ ಜೊತೆ ಭಂಡಾರಾನೂ ಇಟ್ಟ. ಭಂಡಾರ ಅಂದ್ರೆ ಅರಿಷಿಣ ಪುಡಿ, ಶೇ. 5. ಈಗ ಅವನ 40 ಲಕ್ಷದ ಮಿತಿಗೆ ಬರೀ ಭಂಡಾರದ ವ್ಯಾಪಾರ ಎಣಿಸ್ತೀರೋ, ಕುಂಕುಮ ಬಳೆ ಎಲ್ಲಾ ಸೇರಿಸಿಯೋ? ಎಲ್ಲಾ ಸೇರಿಸಿ! "ಅಗ್ರಿಗೇಟ್ ಟರ್ನೋವರ್" ಅನ್ನೋದರಲ್ಲಿ ತೆರಿಗೆ ಇಲ್ಲದ ಮಾರಾಟವೂ ಬರುತ್ತೆ. ತೆರಿಗೆ ಮಾತ್ರ ಭಂಡಾರದ ಮೇಲೆ. ಗೈಡಲ್ಲಿ ಎರಡು ಸಲ ಓದಿದ್ರೂ ತಲೆಗೆ ಹೋಗದ ಈ ವ್ಯಾಖ್ಯೆ ಗುಡ್ಡದ ಮೇಲೆ ನಿಂತು ಹೇಳಿದ್ರೆ ಐದು ನಿಮಿಷ. 2025ರ ನೋಟಿಸುಗಳ ಗೊಂದಲದಲ್ಲೂ ಇದೇ ಗಂಟು ಇತ್ತಲ್ಲ?

ರಾಮದುರ್ಗಕ್ಕೆ ಬನ್ನಿ. ಸಾವುಕಾರ ನೂಲು ಕೊಡ್ತಾನೆ, ನೇಕಾರ ನೇಯ್ದು ಕೂಲಿ ತಗೋತಾನೆ. ಸೀರೆ ನೇಯ್ದದ್ದು ನಿಜ, ಆದ್ರೆ ಅವನು ಮಾರಿದ್ದು ಸೀರೆ ಅಲ್ಲ, ಕೆಲಸ. ಬೇರೆಯವರ ಸರಕಿನ ಮೇಲೆ ಮಾಡಿದ ಕೆಲಸ ಕಾನೂನಿಗೆ ಸೇವೆ, ಜಾಬ್ ವರ್ಕ್. ಹಂಗಾಗಿ ಅವನ ಮಿತಿ 40 ಲಕ್ಷ ಅಲ್ಲ, 20 ಲಕ್ಷ. ಅದೇ ನೇಕಾರ ಸ್ವಂತ ನೂಲು ತಂದು ನೇಯ್ದು ಸೀರೆ ಮಾರಿದ್ರೆ 40. ಬೆಲ್ಲ ಬೇಕಾ? ಪೆಂಟಿ ಬೆಲ್ಲ ಬಿಡಿಯಾಗಿ ಮಾರಿದ್ರೆ ತೆರಿಗೆ ಇಲ್ಲ. ಅದನ್ನೇ ತೂಕ ಮಾಡಿ ಪ್ಯಾಕ್ ಹಾಕಿ ಲೇಬಲ್ ಅಂಟಿಸಿ ಮಾರಿದ್ರೆ 2022ರ ಜುಲೈ 18ರಿಂದ ಶೇ. 5. ಕಿತ್ತೂರು ಹೈವೇ ಪಕ್ಕದ ಖಾನಾವಳಿಯೋನು ಶೇ. 5 ಹಾಕ್ತಾನೆ, ಕ್ರೆಡಿಟ್ ತಗೊಳ್ಳೋಹಂಗಿಲ್ಲ. ಇಷ್ಟು ನಾಲ್ಕು ತಾಲೂಕು ಸುತ್ತಿದ್ರೆ ಕಾಯ್ದೆಯ ಅರ್ಧ ಬಂತು.

ನೋಡಿ, ಜಮಾ, ಖರ್ಚು, ಶಿಲ್ಕು, ಉದ್ರಿ, ಬಾಕಿ, ಕಿರ್ದಿ, ಖತಾವಣಿ ಅಂತ ಬರೆದುಕೊಂಡು ತಲೆತಲಾಂತರ ವ್ಯಾಪಾರ ಮಾಡಿದ ಜನ ನಮ್ಮೋರು. ಲೆಕ್ಕ ಬರೆಯೋಕೆ ಕನ್ನಡಕ್ಕೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ.

ಹಂಗಾದ್ರೆ ಪುಸ್ತಕ ಯಾಕಿಲ್ಲ? ಪರೀಕ್ಷೆ ಕನ್ನಡದಲ್ಲಿಲ್ಲ, ಅದಕ್ಕೇ ಪುಸ್ತಕ ಇಲ್ಲ. 2018ರ ಅಕ್ಟೋಬರಿನಲ್ಲಿ ಜಿಎಸ್‌ಟಿ ನಿಯಮಗಳಿಗೆ 83ಎ ಅಂತ ಒಂದು ನಿಯಮ ಸೇರಿಸಿ, ಪರೀಕ್ಷೆಯ ಮಾದರಿಯನ್ನ ಅದರ ಅನುಬಂಧದಲ್ಲಿ ಬರೆದಿದ್ದಾರೆ. ಪ್ರಶ್ನೆಗಳ ಭಾಷೆ: ಇಂಗ್ಲಿಷ್ ಮತ್ತು ಹಿಂದಿ. ಮುಗೀತು. ಹಿಂದೀಲಿ ಓದಿದ ಕಾನ್ಪುರದ ಹುಡುಗನಿಗೆ ಅವನ ಭಾಷೇಲಿ ಪ್ರಶ್ನೆ, ಕನ್ನಡದಲ್ಲಿ ಓದಿದ ಸವದತ್ತಿಯವನಿಗೆ ಇಲ್ಲ. ಇಬ್ಬರ ಊರಲ್ಲೂ ಜಿಎಸ್‌ಟಿ ದರ ಮಾತ್ರ ಒಂದೇ. ತೆರಿಗೇಲಿ "ಒಂದು ದೇಶ" ಅಂತ ಬ್ಯಾನರ್ ಕಟ್ಟಿದವರು ಪರೀಕ್ಷೇಲಿ ದೇಶವನ್ನ ಅಷ್ಟು ಸಣ್ಣದು ಮಾಡಿದ್ದು ಹೆಂಗೆ?

"ಅಷ್ಟೆಲ್ಲಾ ಭಾಷೆಗೆ ಅನುವಾದ ಕಷ್ಟ ಕಣ್ರೀ" ಅನ್ನೋರಿಗೆ: ನೀಟ್ ಪರೀಕ್ಷೆ 2017ರಿಂದ ಕನ್ನಡದಲ್ಲೂ ಬರೀಬಹುದು, ಫಿಸಿಕ್ಸ್ ಕೆಮಿಸ್ಟ್ರಿ ಸಮೇತ. ಗ್ರಾಮೀಣ ಬ್ಯಾಂಕ್ ನೇಮಕಾತಿ ಪರೀಕ್ಷೆ 13 ಪ್ರಾದೇಶಿಕ ಭಾಷೆಗಳಲ್ಲಿ ಅಂತ 2019ರಲ್ಲಿ ಹಣಕಾಸು ಸಚಿವರೇ ಹೇಳಿದ್ರು. ಜಿಎಸ್‌ಟಿ ಅವರದೇ ಸಚಿವಾಲಯ. ಎಸ್ಸೆಸ್ಸಿ ಎಂಟಿಎಸ್ ಪರೀಕ್ಷೆ 2023ರಲ್ಲಿ 13 ಪ್ರಾದೇಶಿಕ ಭಾಷೆಗೆ ಬಂತು. ಇಲ್ಲಿರೋದು ಬರೀ 100 ಪ್ರಶ್ನೆ. ಕೂತ್ರೆ ಎರಡು ದಿನದ ಕೆಲಸ.

"ಇಂಗ್ಲಿಷ್ ಕಲೀಲಿ ಬಿಡಿ" ಅನ್ನೋ ಇನ್ನೊಂದು ಗುಂಪಿದೆ, ನನ್ನ ಆಫೀಸಲ್ಲೇ ಇದೆ. ಕಲೀಲಿ, ಬೇಡ ಅಂದೋರು ಯಾರು? ಅವನು ಪೋರ್ಟಲಲ್ಲಿ ಇಂಗ್ಲಿಷ್ ಪದಗಳನ್ನ ದಿನಾ ನೋಡ್ತಾನೆ, ಅದು ಅವನಿಗೆ ಬರುತ್ತೆ. ಆದ್ರೆ ಒಳಗೊಳಗೇ ಮೂರು "ಎಕ್ಸೆಪ್ಟ್", ಎರಡು "ಪ್ರೊವೈಡೆಡ್ ದಟ್" ಇಟ್ಟುಕೊಂಡ ಪ್ರಶ್ನೆಯನ್ನ ಒಂದೂವರೆ ನಿಮಿಷದಲ್ಲಿ ಬಿಡಿಸೋದು ತೆರಿಗೆ ಜ್ಞಾನದ ಪರೀಕ್ಷೆ ಅಲ್ಲ. ಪಾಸಾದ ಮೇಲೆ ಅವನು ಮಾಡೋ ಕೆಲಸ ಯಾವ ಭಾಷೇಲಿ? ಇಂಗ್ಲಿಷ್ ನೋಟಿಸನ್ನ ಅಡತಿ ಅಂಗಡಿ ಸಾವುಕಾರರಿಗೆ ಕನ್ನಡದಲ್ಲಿ ಹೇಳೋದು, ಅವರು ಕನ್ನಡದಲ್ಲಿ ಹೇಳಿದ್ದನ್ನ ಫಾರ್ಮಲ್ಲಿ ತುಂಬೋದು. ಈ ಕೆಲಸದ ಅರ್ಧಭಾಗವನ್ನ ಪರೀಕ್ಷೆ ಮುಟ್ಟೋದೇ ಇಲ್ಲ.

ಹಂಗಂತ "ಪ್ರತಿಲೋಮ ಕರಾಧಾನ" ಅಂತ ಪದ ಕಟ್ಟೋ ಪಂಡಿತರನ್ನ ಕರೀಬೇಡಿ ಮಾರಾಯ್ರೆ, ಕೈಮುಗೀತೀನಿ. ರಿವರ್ಸ್ ಚಾರ್ಜ್ ಅನ್ನೋದು ರಿವರ್ಸ್ ಚಾರ್ಜ್ ಅಂತಲೇ ಇರಲಿ. ಅದನ್ನ ಸುತ್ತುವರಿದ ವಾಕ್ಯ ಮಾತ್ರ ಕನ್ನಡದ್ದಾಗಿರಲಿ.

ಪ್ರತಿ ಅಕ್ಟೋಬರ್ ಕಿತ್ತೂರು ಉತ್ಸವ ಬರುತ್ತೆ. 1824ರ ಅಕ್ಟೋಬರ್ 23ಕ್ಕೆ ಕಲೆಕ್ಟರ್ ಥ್ಯಾಕರೆ ಬಿದ್ದ ನೆಲ. ವೇದಿಕೆ ಮೇಲೆ 1961ರ ಸಿನಿಮಾದ ಕಪ್ಪ ಕಾಣಿಕೆಯ ಡೈಲಾಗನ್ನ ಪ್ರೈಮರಿ ಹುಡುಗಿಯರು ಎದೆ ತಟ್ಟಿ ಹೊಡೀತಾರೆ, ನಾವು ಶಿಳ್ಳೆ ಹಾಕ್ತೀವಿ. ತೆರಿಗೆ ಕೇಳಿದವನಿಗೆ ಯಾಕೆ, ಎಷ್ಟು ಅಂತ ತಿರುಗಿ ಕೇಳಿದ ಊರು ಅಂತ ಹೆಮ್ಮೆ. ಅದೇ ಊರಲ್ಲಿ ಇವತ್ತು ಒಂದು ನೋಟಿಸು ಬಂದ್ರೆ ಓದಿಸೋಕೆ ಬೆಳಗಾವಿಗೋ ಧಾರವಾಡಕ್ಕೋ ಬಸ್ಸು ಹತ್ತೋರಿದ್ದಾರೆ.

ಈಗ ಬೈಗುಳ. ಬ್ಲಾಗಿಗ ಮಿತ್ರರೇ, ಇಲ್ಲಿ ಇನ್ನೂ ಬರೀತಾ ಇರೋರಲ್ಲಿ ಎಷ್ಟು ಜನ ಬ್ಯಾಂಕಲ್ಲಿ, ಆಡಿಟ್ ಆಫೀಸಲ್ಲಿ, ಕಾಲೇಜಲ್ಲಿ ಕಾಮರ್ಸ್ ಪಾಠ ಮಾಡೋ ಕೆಲಸದಲ್ಲಿದ್ದೀರಿ ಅಂತ ನನಗೆ ಗೊತ್ತು. ನಿಮ್ಮ ಹನಿಗವಿತೆ ಓದಿ ಕಮೆಂಟು ಹಾಕಿದವನು ನಾನೇ. ಅಜ್ಜಿ ಮನೆ ಅಟ್ಟದ ಬಗ್ಗೆ ಹನ್ನೊಂದು ಪೋಸ್ಟು ಬರೆದವರು ನಿಮ್ಮಲ್ಲಿದ್ದಾರೆ. ಹಗಲಿಡೀ ಇನ್‌ಪುಟ್ ಕ್ರೆಡಿಟ್ ಮಾಡಿ, ರಾತ್ರಿ ಕನ್ನಡಕ್ಕೆ ಬಂದ ಕೂಡಲೇ ಅದನ್ನ ಚಪ್ಪಲಿ ಥರ ಹೊರಗೆ ಬಿಟ್ಟು ಬರ್ತೀರಲ್ಲ, ಯಾಕೆ? ಕನ್ನಡ ಬರೀ ನೆನಪು ಬರೆಯೋಕಾ? ಕನ್ನಡದಲ್ಲಿ ಯೂನಿಕೋಡ್ ಬಂದಾಗ ಎಷ್ಟು ಕುಣಿದಾಡಿದೋರು ನೀವು, ಇನ್ನು ಏನು ಬೇಕಾದ್ರೂ ಕನ್ನಡದಲ್ಲಿ ಬರೀಬಹುದು ಅಂತ. "ಏನು ಬೇಕಾದ್ರೂ" ಅನ್ನೋದರಲ್ಲಿ ಸೆಕ್ಷನ್ 17(5) ಸೇರಲ್ವಾ?

ಸರ್ಕಾರ 83ಎ ಅನುಬಂಧ ತಿದ್ದೋವರೆಗೂ ಕಾಯೋದು ಬೇಡ. ಅದಕ್ಕೆ ಅರ್ಜಿ ಒಂದು ಕಡೆ ಹೋಗಲಿ, ಸಂಸದರಿಗೆ, ಜಿಎಸ್‌ಟಿ ಕೌನ್ಸಿಲಲ್ಲಿ ಕೂರೋ ನಮ್ಮ ರಾಜ್ಯದ ಮಂತ್ರಿಗಳಿಗೆ. ಕರಡು ಬರೆದಿದ್ದೀನಿ, ಬೇಕಾದವರು ಕೇಳಿ. ಇನ್ನೊಂದು ಕಡೆ ಪುಸ್ತಕ ಶುರುವಾಗಲಿ. ಒಬ್ಬೊಬ್ಬರು ಒಂದೊಂದು ಸೆಕ್ಷನ್. ಒಂದು ಪುಟ, ನಿಮ್ಮೂರ ಬಜಾರಿನ ಒಂದು ಉದಾಹರಣೆ, ಕೆಳಗೆ ಐದು ಪ್ರಶ್ನೆ, ಮೇಲೆ ಯಾವ ತಾರೀಖಿನ ಕಾನೂನು ಅಂತ ವರ್ಶನ್ ನಂಬರಿನ ಹಾಗೆ ದಪ್ಪ ಅಕ್ಷರದಲ್ಲಿ. ಕಾನೂನು ಬದಲಾದ ದಿನ ತಿದ್ದೋದು ಬ್ಲಾಗಲ್ಲಿ ಎರಡು ನಿಮಿಷದ ಕೆಲಸ, ಅಚ್ಚಾದ ಗೈಡಿಗೆ ಆ ಭಾಗ್ಯ ಇಲ್ಲ.

ರಿವರ್ಸ್ ಚಾರ್ಜ್ ನನ್ನದು, ಹತ್ತಿ ಗಾಡಿಯಿಂದ ಶುರು ಮಾಡಿದ್ದೀನಿ, ಬರೋ ಭಾನುವಾರ ಹಾಕ್ತೀನಿ. ನೋಂದಣಿಯ 22, 23, 24 ಮೂರನ್ನೂ ರಾಮದುರ್ಗದವಳು ತಾನೇ ಬರೀತೀನಿ ಅಂದಿದ್ದಾಳೆ, ಮಗ್ಗದ ಉದಾಹರಣೆ ಹಾಕಿ. ನನ್ನ ತಮ್ಮ ಗುಡ್ಡದ ಅಂಗಡಿಗಳ ಪಟ್ಟಿ ಮಾಡ್ತಿದ್ದಾನೆ. ಇನ್‌ಪುಟ್ ಕ್ರೆಡಿಟ್ 16 ಮತ್ತು 17, ಇನ್‌ವಾಯ್ಸ್ 31, ಕಾಂಪೊಸಿಶನ್ 10 ಖಾಲಿ ಇವೆ. ಯಾರು ಯಾವುದು ತಗೋತೀರಿ ಅಂತ ಕೆಳಗೆ ಬರೀರಿ. ಸಿಎ ಮಾಡಿರೋ ಯಾರಾದ್ರೂ ತಪ್ಪು ತಿದ್ದೋಕೆ ಕೂತ್ರೆ ಬೈಲಹೊಂಗಲದಲ್ಲಿ ಗಿರಮಿಟ್ಟು ನನ್ನ ಖರ್ಚು.